ಡಿಸ್ಕ್ ತುಂಬಿ ಲಿನಕ್ಸ್ ಒಳಗೆ ಬಿಡುತ್ತಿಲ್ಲವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಪಾಸ್‌ವರ್ಡ್ ಹೊಡೆದು ಎಂಟರ್ ಒತ್ತುತ್ತೀರಿ. ಪರದೆ ಒಂದು ಕ್ಷಣ ಕಪ್ಪಾಗುತ್ತದೆ. ಇನ್ನೇನು ಡೆಸ್ಕ್‌ಟಾಪ್ ಬಂತು ಅನ್ನುವಷ್ಟರಲ್ಲಿ ಮತ್ತೆ ಅದೇ ಲಾಗಿನ್ ಪರದೆ. ಯಾಕೆ ಅಂತ ಹೇಳುವ ಒಂದು ಸಾಲಿನ ಮೆಸೇಜ್ ಕೂಡ ಇರುವುದಿಲ್ಲ.

ನನಗೆ ಮೊದಲ ಸಲ ಹೀಗಾದಾಗ ಪಾಸ್‌ವರ್ಡೇ ಮರೆತುಹೋಯಿತೇನೋ ಅಂದುಕೊಂಡೆ. ಅರ್ಧ ಗಂಟೆ ಹಳೆಯ ಪಾಸ್‌ವರ್ಡ್‌ಗಳನ್ನೆಲ್ಲ ಹಾಕಿ ನೋಡಿದೆ. ಆಮೇಲೆ ಎಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿಬಿಡೋಣ ಅಂತ ಪೆನ್‌ಡ್ರೈವ್ ಕೈಗೆ ತೆಗೆದುಕೊಂಡಿದ್ದೆ. ಡಿಸ್ಕ್ ತುಂಬಿದೆ ಅನ್ನುವುದು ತಲೆಗೇ ಹೊಳೆದಿರಲಿಲ್ಲ.

ಶುರುವಿಗೆ ಮುಂಚೆ ಒಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ.

ಪಾಸ್‌ವರ್ಡ್ ಸರಿಯಾಗಿಯೇ ಇದೆ. ಆದರೂ ಯಾಕೆ ಒಳಗೆ ಬಿಡುತ್ತಿಲ್ಲ?

ಪಾಸ್‌ವರ್ಡ್ ಸರಿಯೋ ತಪ್ಪೋ ಅಂತ ನೋಡುವುದು ಬರೀ ಓದುವ ಕೆಲಸ. ಅದಕ್ಕೆ ಡಿಸ್ಕ್‌ನಲ್ಲಿ ಖಾಲಿ ಜಾಗ ಬೇಕಿಲ್ಲ. ತೊಂದರೆ ಶುರುವಾಗುವುದು ಅದರ ನಂತರ. ಡೆಸ್ಕ್‌ಟಾಪ್ ಏಳಬೇಕಾದರೆ ಹತ್ತಾರು ಸಣ್ಣಪುಟ್ಟ ಫೈಲ್ ಬರೆಯಬೇಕು. ಎಕ್ಸ್11 ಎಂಬ ಗ್ರಾಫಿಕ್ ವ್ಯವಸ್ಥೆ ಬಳಸುವ ಹಲವು ಕಡೆ ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಎಕ್ಸ್‌ಅಥಾರಿಟಿ ಎಂಬ ಅಡಗಿದ ಫೈಲ್ ಬರೆಯುತ್ತದೆ. ಟೆಂಪ್ ಫೋಲ್ಡರ್‌ನಲ್ಲಿ ಕೆಲವು ತಾತ್ಕಾಲಿಕ ಫೈಲ್ ಹುಟ್ಟಬೇಕು. ಸೆಟ್ಟಿಂಗ್ ಇಡುವ ಡೇಟಾಬೇಸ್ ತೆರೆದುಕೊಳ್ಳಬೇಕು. ಎಲ್ಲ ಸೇರಿದರೂ ಕೆಲವೇ ಕೆಬಿ ಆಗಬಹುದು. ಅಷ್ಟೂ ಜಾಗ ಇಲ್ಲದಿದ್ದರೆ ಲಿನಕ್ಸ್‌ನ ತಿರುಳಾದ ಕರ್ನಲ್ 28ನೇ ನಂಬರಿನ ಎರರ್ ವಾಪಸ್ ಕೊಡುತ್ತದೆ. 'ಸಾಧನದಲ್ಲಿ ಜಾಗ ಉಳಿದಿಲ್ಲ' ಅನ್ನುವುದು ಅದರ ಅರ್ಥ. ಸೆಷನ್ (ಲಾಗಿನ್‌ನಿಂದ ಲಾಗೌಟ್ ತನಕ ಓಡುವ ನಿಮ್ಮ ಡೆಸ್ಕ್‌ಟಾಪ್) ಏಳುವ ಮೊದಲೇ ಸಾಯುತ್ತದೆ. ಸೆಷನ್ ಮುಗಿಯಿತು ಅಂದುಕೊಂಡು ಲಾಗಿನ್ ಪರದೆ ವಾಪಸ್ ಬರುತ್ತದೆ.

ನೀವು ಲಾಗೌಟ್ ಮಾಡಿದಾಗ ಏನಾಗುತ್ತದೋ ಅದೇ ಇದು, ಒಂದೇ ಸೆಕೆಂಡಿನಲ್ಲಿ. ಅದಕ್ಕೇ ಎರರ್ ಕಾಣುವುದಿಲ್ಲ.

ಪಾಸ್‌ವರ್ಡ್ ತಪ್ಪಾಗಿದ್ದರೂ ಹೀಗೇ ಆಗಬಹುದಲ್ವಾ? ವ್ಯತ್ಯಾಸ ತಿಳಿಯುವುದು ಹೇಗೆ?

ಪಾಸ್‌ವರ್ಡ್ ತಪ್ಪಾದರೆ ಒಂದೆರಡು ಸೆಕೆಂಡ್ ತಡೆದು 'ತಪ್ಪಾಗಿದೆ, ಮತ್ತೆ ಹಾಕಿ' ಅಂತ ಬರುತ್ತದೆ. ಪರದೆ ಕಪ್ಪಾಗುವುದಿಲ್ಲ. ಕಪ್ಪಾಗಿ ಸುಮ್ನೆ ವಾಪಸ್ ಬಂದರೆ ಪಾಸ್‌ವರ್ಡ್ ಒಪ್ಪಿಗೆಯಾಗಿದೆ ಅಂತಲೇ ಅರ್ಥ. ಇದು ಒಳ್ಳೆಯ ಸುದ್ದಿ.

ಆದರೆ ಹೀಗೆ ವಾಪಸ್ ಬರುವುದಕ್ಕೆಲ್ಲ ಡಿಸ್ಕ್ ತುಂಬಿದ್ದೇ ಕಾರಣ ಅಂತ ಹೇಳಲಾಗದು. ಯಾವಾಗಲೋ ಸುಡೊ (ರೂಟ್, ಅಂದರೆ ಸಿಸ್ಟಮ್ಮಿನ ಯಜಮಾನ ಯೂಸರ್, ಅಧಿಕಾರದಲ್ಲಿ ಓಡಿಸುವ ಕಮಾಂಡ್) ಹಾಕಿ ಗ್ರಾಫಿಕ್ ಪ್ರೋಗ್ರಾಂ ಓಡಿಸಿ ಎಕ್ಸ್‌ಅಥಾರಿಟಿ ಫೈಲ್ ರೂಟ್ ಹೆಸರಿಗೆ ಹೋಗಿದ್ದರೂ ಇದೇ ಆಟ. ಕರ್ನಲ್ ಅಪ್‌ಡೇಟ್ ಆಗಿ ಗ್ರಾಫಿಕ್ಸ್ ಡ್ರೈವರ್ ಹೊಂದದಿದ್ದರೂ ಅಷ್ಟೇ. ಆದರೂ ಮೊದಲು ಡಿಸ್ಕ್ ನೋಡಿ. ಒಂದೇ ಕಮಾಂಡಿನಲ್ಲಿ ಗೊತ್ತಾಗುತ್ತದೆ.

ಲಾಗಿನ್ ಪರದೆಯೇ ಒಳಗೆ ಬಿಡದಿದ್ದಾಗ ಆ ಕಮಾಂಡ್ ಎಲ್ಲಿ ಹೊಡೆಯುವುದು?

ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್ಎನ್ ಕೀ ಕೂಡ ಸೇರಿಸಬೇಕು. ಕಪ್ಪು ಪರದೆಯಲ್ಲಿ ಬಿಳಿ ಅಕ್ಷರದಲ್ಲಿ ಲಾಗಿನ್ ಅಂತ ಬರುತ್ತದೆ. ಇದಕ್ಕೆ ವರ್ಚುವಲ್ ಕನ್ಸೋಲ್ ಅಥವಾ ಟಿಟಿವೈ ಅನ್ನುತ್ತಾರೆ. ಯೂಸರ್ ಹೆಸರು ಹಾಕಿ, ಪಾಸ್‌ವರ್ಡ್ ಹಾಕಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಚುಕ್ಕಿಯೂ ಕಾಣುವುದಿಲ್ಲ. ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳಬೇಡಿ. ಗ್ರಾಫಿಕ್ ಪರದೆಗೆ ವಾಪಸ್ ಹೋಗಲು ಅದೇ ಜೋಡಿಯಲ್ಲಿ ಎಫ್1, ಎಫ್2 ಅಥವಾ ಎಫ್7 ಒತ್ತಿ ನೋಡಿ. ಯಾವುದು ಅನ್ನುವುದು ಡಿಸ್ಟ್ರೊ (ಉಬುಂಟು, ಫೆಡೋರಾದಂಥ ಲಿನಕ್ಸ್ ಬಗೆ) ಮೇಲೆ ಹೋಗುತ್ತದೆ.

ಇಲ್ಲಿ ಟ್ಯಾಬ್ ಒತ್ತಿ ಫೈಲ್ ಹೆಸರು ತುಂಬಿಸಲು ಹೋದರೆ ಬ್ಯಾಷ್ (ನೀವು ಹೊಡೆದ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ) ಒಮ್ಮೊಮ್ಮೆ 'ತಾತ್ಕಾಲಿಕ ಫೈಲ್ ಮಾಡಲು ಜಾಗ ಇಲ್ಲ' ಅಂತ ಗೊಣಗುತ್ತದೆ. ಆ ಗೊಣಗಾಟ ಕಂಡರೆ ರೋಗ ಯಾವುದು ಅಂತ ಗೊತ್ತಾಯಿತು ಅನ್ನಿ. ಇನ್ನು ಹೆಸರುಗಳನ್ನು ಪೂರ್ತಿ ಟೈಪ್ ಮಾಡಬೇಕು.

ನೆಟ್‌ವರ್ಕ್ ಮೂಲಕ ಲಾಗಿನ್ ಆಗುವ ಎಸ್ಎಸ್ಎಚ್ ಮೊದಲೇ ಆನ್ ಮಾಡಿಟ್ಟಿದ್ದರೆ ಇನ್ನೊಂದು ಕಂಪ್ಯೂಟರಿನಿಂದ ಬರುವುದು ಇನ್ನೂ ಆರಾಮ.

ಕಪ್ಪು ಪರದೆಯಲ್ಲಿ ಲಾಗಿನ್ ಆಗುತ್ತದೆ, ಗ್ರಾಫಿಕ್‌ನಲ್ಲಿ ಆಗಲ್ಲ. ಇದೇನು ವಿಚಿತ್ರ?

ಬ್ಯಾಷ್‌ಗೆ ಶುರುವಾಗಲು ಏನನ್ನೂ ಬರೆಯಬೇಕಿಲ್ಲ. ಅದು ಒಂದು ಕಾರಣ.

ಎರಡನೆಯದು ಹೆಚ್ಚು ಸ್ವಾರಸ್ಯದ್ದು. ಎಕ್ಸ್ಟ್4 ಎಂಬ ಫೈಲ್ ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆ) ಮಾಡುವಾಗ, ನೀವು ಬೇರೆ ಏನೂ ಹೇಳದಿದ್ದರೆ, 5 ಶೇಕಡಾ ಜಾಗವನ್ನು ರೂಟ್‌ಗೆ ಅಂತ ಎತ್ತಿಡುತ್ತದೆ. 500 ಜಿಬಿ ಪಾರ್ಟಿಷನ್ನಿನಲ್ಲಿ (ಡಿಸ್ಕ್‌ನ ಒಂದು ಭಾಗ) ಅದು 25 ಜಿಬಿ! ನಿಮ್ಮ ಪಾಲಿಗೆ ಡಿಸ್ಕ್ ತುಂಬಿದ್ದರೂ ರೂಟ್ ಹೆಸರಲ್ಲಿ ಓಡುವ ಸರ್ವಿಸ್‌ಗಳಿಗೆ ಇನ್ನೂ ಜಾಗ ಇರುತ್ತದೆ. ಡಿಸ್ಕ್ ತುಂಬಿದರೂ ಮಷಿನ್ ಬೂಟ್ ಆಗಿ ಲಾಗಿನ್ ಪರದೆಯವರೆಗೆ ಬರುವುದಕ್ಕೆ ಈ ಮೀಸಲು ಜಾಗವೂ ಒಂದು ಕಾರಣ. ಒಟ್ಟು ಜಾಗದಲ್ಲಿ ಬಳಸಿದ್ದನ್ನು ಕಳೆದರೆ 25 ಜಿಬಿ ಬರುತ್ತದೆ, ಆದರೆ ಉಳಿದದ್ದು 0 ಅಂತ ತೋರಿಸುತ್ತದಲ್ಲ ಅಂತ ಹಲವರು ತಲೆ ಕೆಡಿಸಿಕೊಳ್ಳುತ್ತಾರೆ. ಲೆಕ್ಕ ತಪ್ಪಿಲ್ಲ. ಆ 25 ಇದೇ.

ಟ್ಯೂನ್2ಎಫ್ಎಸ್ ಎಂಬ ಕಮಾಂಡಿನಿಂದ ಈ ಮೀಸಲು ಕಡಿಮೆ ಮಾಡಬಹುದು. ಬರೀ ಸಿನಿಮಾ, ಫೋಟೊ ಇಡುವ ಡಿಸ್ಕ್ ಆದರೆ 1 ಶೇಕಡಾ ಮಾಡಿಕೊಳ್ಳಿ, ತೊಂದರೆ ಇಲ್ಲ. ಸಿಸ್ಟಮ್ ಇರುವ ಪಾರ್ಟಿಷನ್ನಿನಲ್ಲಿ ಮುಟ್ಟಬೇಡಿ ಅನ್ನುವುದು ನನ್ನ ಸಲಹೆ. ಜಾಗ ತಿಂದಿದ್ದು ರೂಟ್ ಹೆಸರಿನ ಪ್ರೋಗ್ರಾಂ ಆಗಿದ್ದರೆ ಮೀಸಲು ಜಾಗವೂ ಹೋಗಿರುತ್ತದೆ, ಅದು ಬೇರೆ ಮಾತು.

ಸರಿ, ಕಪ್ಪು ಪರದೆಗೆ ಬಂದೆ. ಮೊದಲು ಏನು ನೋಡಲಿ?

ಡಿಎಫ್ -ಎಚ್

ಎರಡಕ್ಷರದ ಕಮಾಂಡ್, ಒಂದು ಅಡ್ಡಗೆರೆ, ಒಂದು ಅಕ್ಷರ. ಪ್ರತಿ ಪಾರ್ಟಿಷನ್ನಿಗೆ ಒಂದು ಸಾಲು ಬರುತ್ತದೆ. ಕೊನೆಯ ಕಾಲಮ್‌ನಲ್ಲಿ ಬರೀ ಓರೆಗೆರೆ ಇರುವ ಸಾಲು ಸಿಸ್ಟಮ್ಮಿನದು. ಹೋಮ್ ಬೇರೆ ಪಾರ್ಟಿಷನ್ ಆಗಿದ್ದರೆ ಅದಕ್ಕೂ ಒಂದು ಸಾಲು ಇರುತ್ತದೆ. ಎರಡರಲ್ಲಿ ಯಾವುದಾದರೂ 100 ಶೇಕಡಾ ತೋರಿಸಿದರೆ ಕಳ್ಳ ಅಲ್ಲಿದ್ದಾನೆ. ಲೂಪ್ ಅಂತ ಶುರುವಾಗುವ ಸಾಲುಗಳು 100 ತೋರಿಸಿದರೆ ಹೆದರಬೇಡಿ. ಅವು ಸ್ನ್ಯಾಪ್ ಪ್ಯಾಕೇಜ್‌ಗಳು, ಯಾವಾಗಲೂ ಹಾಗೇ ಇರುತ್ತವೆ.

ಈಗ ಯಾವ ಫೋಲ್ಡರ್ ದಪ್ಪಗಾಗಿದೆ ನೋಡಿ:

ಸುಡೊ ಡಿಯು -ಎಕ್ಸ್‌ಎಚ್ --ಮ್ಯಾಕ್ಸ್-ಡೆಪ್ತ್=1 / | ಸಾರ್ಟ್ -ಎಚ್

ಎಕ್ಸ್ ಹಾಕುವುದನ್ನು ಮರೆಯಬೇಡಿ. ಅದು ಇದೇ ಪಾರ್ಟಿಷನ್ ಬಿಟ್ಟು ಹೊರಗೆ ಹೋಗಬೇಡ ಅಂತ ಹೇಳುತ್ತದೆ. ಇಲ್ಲದಿದ್ದರೆ ಪ್ರೊಕ್ ಫೋಲ್ಡರ್‌ನಂಥ ಕಡೆಗೂ ಇಣುಕುತ್ತದೆ. ಅಲ್ಲಿರುವ ಕೆಕೋರ್ ಎಂಬ ಫೈಲ್ 128 ಟಿಬಿ ಅಂತ ತೋರಿಸುವುದನ್ನು ನೋಡಿ ಗಾಬರಿಯಾದವರಿದ್ದಾರೆ. ಅದು ಡಿಸ್ಕ್‌ನಲ್ಲಿ ಒಂದು ಬೈಟ್ ಜಾಗವನ್ನೂ ತಿನ್ನುವುದಿಲ್ಲ. ಮೆಮೊರಿಯನ್ನು ಫೈಲ್ ಥರ ತೋರಿಸುವ ಕಿಟಕಿ ಅದು.

ಪಟ್ಟಿಯ ಕೊನೆಯ ಸಾಲು ಒಟ್ಟು ಮೊತ್ತ, ಅದರ ಮೇಲಿನದು ಅತಿ ದೊಡ್ಡ ಫೋಲ್ಡರ್. ಕಮಾಂಡಿನಲ್ಲಿ ಓರೆಗೆರೆಯ ಜಾಗಕ್ಕೆ ಆ ಫೋಲ್ಡರಿನ ದಾರಿ ಹಾಕಿ ಮತ್ತೆ ಹೊಡೆಯಿರಿ. ಮೂರು ನಾಲ್ಕು ಸಲ ಇಳಿದರೆ ಸಿಕ್ಕಿಬೀಳುತ್ತಾನೆ. ಇದಕ್ಕೆಲ್ಲ ಚೆಂದದ ಪ್ರೋಗ್ರಾಂಗಳಿವೆ, ಎನ್‌ಸಿಡಿಯು ಅಂಥದ್ದು. ಆದರೆ ತುಂಬಿದ ಡಿಸ್ಕ್‌ನಲ್ಲಿ ಹೊಸದನ್ನು ಇನ್‌ಸ್ಟಾಲ್ ಮಾಡುವುದು ಹೇಗೆ?

ಏನು ಡಿಲೀಟ್ ಮಾಡಿದರೆ ಅಪಾಯ ಇಲ್ಲ?

ಈ ಹೊತ್ತಿಗೆ ಕೈ ಫೈಲ್ ಅಳಿಸುವ ಆರ್‌ಎಂ ಕಮಾಂಡ್ ಕಡೆ ಹೋಗಿರುತ್ತದೆ. ಸ್ವಲ್ಪ ತಡೆಯಿರಿ. ಒಳಗೆ ಹೋಗಲು ಕೆಲವು ನೂರು ಎಂಬಿ ಸಾಕು. ಮೊದಲು ಅಷ್ಟು ಬಿಡಿಸಿಕೊಂಡರೆ ಉಳಿದದ್ದನ್ನು ಡೆಸ್ಕ್‌ಟಾಪ್‌ನಲ್ಲಿ ಕೂತು ನೆಮ್ಮದಿಯಾಗಿ ಮಾಡಬಹುದು.

ಎಲ್ಲಕ್ಕಿಂತ ಸುಲಭದ್ದು ಪ್ಯಾಕೇಜ್ ಕ್ಯಾಶ್. ಉಬುಂಟು, ಡೆಬಿಯನ್, ಮಿಂಟ್‌ನಲ್ಲಿ 'ಸುಡೊ ಆಪ್ಟ್ ಕ್ಲೀನ್'. ಫೆಡೋರಾದಲ್ಲಿ 'ಸುಡೊ ಡಿಎನ್ಎಫ್ ಕ್ಲೀನ್ ಆಲ್'. ಇನ್‌ಸ್ಟಾಲ್ ಆಗಿ ಮುಗಿದ ಪ್ಯಾಕೇಜ್‌ಗಳ ಡೌನ್‌ಲೋಡ್ ಪ್ರತಿಗಳು ಇವು. ಬೇಕೆಂದಾಗ ಮತ್ತೆ ಬರುತ್ತವೆ.

ಮುಂದಿನದು ಜರ್ನಲ್, ಅಂದರೆ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿ ಬರೆಯುವ ಲಾಗ್:

ಸುಡೊ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ

ಕೊನೆಯ ಎಂ ದೊಡ್ಡಕ್ಷರ. ನೀವೇನೂ ಬದಲಾಯಿಸದಿದ್ದರೆ ಜರ್ನಲ್ ಪಾರ್ಟಿಷನ್ನಿನ 10 ಶೇಕಡಾ ತನಕ, ಹೆಚ್ಚೆಂದರೆ 4 ಜಿಬಿ ತನಕ ಬೆಳೆಯುತ್ತದೆ. ಹಾಗಾಗಿ ಒಂದೆರಡು ಜಿಬಿ ಸಿಕ್ಕರೂ ಸಿಗಬಹುದು.

ಆಮೇಲೆ ನಿಮ್ಮದೇ ಮನೆಯ ಕಸ. ಟ್ರ್ಯಾಶ್‌ಗೆ ಹಾಕಿದ ಫೈಲ್‌ಗಳು ಎಲ್ಲೂ ಹೋಗಿರುವುದಿಲ್ಲ. ಹೋಮ್‌ನ ಅಡಗಿದ ಫೋಲ್ಡರ್ .ಲೋಕಲ್ ಒಳಗೆ ಶೇರ್, ಅದರೊಳಗೆ ಟ್ರ್ಯಾಶ್ ಫೋಲ್ಡರ್‌ನಲ್ಲಿ ಹಾಗೇ ಕೂತಿರುತ್ತವೆ. ಟ್ರ್ಯಾಶ್‌ನ ಟಿ ದೊಡ್ಡಕ್ಷರ. .ಕ್ಯಾಶ್ ಫೋಲ್ಡರ್ ಒಳಗಿರುವುದನ್ನೂ ಅಳಿಸಬಹುದು. ಬ್ರೌಸರ್ ಮೊದಲ ದಿನ ಸ್ವಲ್ಪ ನಿಧಾನ ಅನಿಸುತ್ತದೆ, ಅಷ್ಟೇ. ಎಕ್ಸ್‌ಸೆಷನ್-ಎರರ್ಸ್ ಎಂಬ ಅಡಗಿದ ಫೈಲ್ ಇದ್ದರೆ ಅದರ ಗಾತ್ರ ನೋಡಿ. ಯಾವುದಾದರೂ ಪ್ರೋಗ್ರಾಂ ಹುಚ್ಚು ಹಿಡಿದಂತೆ ಒಂದೇ ಎರರ್ ಬರೆಯುತ್ತಾ ಹೋದರೆ ಈ ಒಂದೇ ಫೈಲ್ ಹತ್ತಾರು ಜಿಬಿ ಆಗುವುದುಂಟು. ಡಾಕರ್ ಬಳಸುವವರಾದರೆ ಹಳೆಯ ಇಮೇಜ್‌ಗಳ ಮೇಲೆ ನನಗೆ ಮೊದಲ ಅನುಮಾನ.

ಮುಟ್ಟಬಾರದ್ದು: ಯುಎಸ್ಆರ್, ಇಟಿಸಿ, ಮತ್ತು ವಾರ್ ಒಳಗಿನ ಲಿಬ್. ಈ ಕೊನೆಯದರಲ್ಲಿ ಯಾವ ಪ್ಯಾಕೇಜ್ ಇದೆ ಅನ್ನುವ ಇಡೀ ಲೆಕ್ಕ ಇರುತ್ತದೆ. ಅದು ಹೋದರೆ ನಿಜವಾಗಿಯೂ ಹೊಸದಾಗಿ ಇನ್‌ಸ್ಟಾಲ್ ಮಾಡಬೇಕಾಗುತ್ತದೆ. ವಾರ್ ಒಳಗಿನ ಲಾಗ್‌ನಲ್ಲಿ ದೊಡ್ಡ ಫೈಲ್ ಖಾಲಿ ಮಾಡಿ, ಆದರೆ ಫೋಲ್ಡರ್‌ಗಳನ್ನು ಅಳಿಸಬೇಡಿ. ಫೋಲ್ಡರ್ ಇಲ್ಲ ಅಂತ ಶುರುವಾಗಲು ನಿರಾಕರಿಸುವ ಸರ್ವಿಸ್‌ಗಳಿವೆ.

20 ಜಿಬಿ ಲಾಗ್ ಫೈಲ್ ಡಿಲೀಟ್ ಮಾಡಿದೆ. ಜಾಗ ಮಾತ್ರ ಹಾಗೇ ಇದೆ!

ಆ ಫೈಲನ್ನು ಯಾವುದೋ ಪ್ರೋಗ್ರಾಂ ಇನ್ನೂ ತೆರೆದು ಇಟ್ಟುಕೊಂಡಿದೆ. ಲಿನಕ್ಸ್‌ನಲ್ಲಿ ಡಿಲೀಟ್ ಅಂದರೆ ಹೆಸರು ತೆಗೆಯುವುದು. ಹಿಡಿದುಕೊಂಡವರು ಬಿಡುವ ತನಕ ಜಾಗ ವಾಪಸ್ ಬರುವುದಿಲ್ಲ.

ಸುಡೊ ಎಲ್ಎಸ್ಒಎಫ್ +ಎಲ್1

ಇದರಲ್ಲಿ ಎರಡನೇ ಎಲ್ ದೊಡ್ಡಕ್ಷರ. ಹೆಸರು ಹೋದರೂ ಹಿಡಿತದಲ್ಲಿರುವ ಫೈಲ್‌ಗಳನ್ನೂ ಹಿಡಿದ ಪ್ರೋಗ್ರಾಂನ ಹೆಸರನ್ನೂ ತೋರಿಸುತ್ತದೆ. ಆ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಆಯಿತು. ಮುಂದಿನ ಸಲ ಓಡುತ್ತಿರುವ ಲಾಗ್ ಫೈಲನ್ನು ಡಿಲೀಟ್ ಮಾಡುವ ಬದಲು 'ಟ್ರಂಕೇಟ್ -ಎಸ್ 0' ಹಾಕಿ, ಫೈಲಿನ ಹೆಸರು ಕೊಡಿ. ಫೈಲ್ ಇರುತ್ತದೆ, ಒಳಗೆ ಏನೂ ಇರುವುದಿಲ್ಲ, ಜಾಗ ತಕ್ಷಣ ಬರುತ್ತದೆ.

ಹಾಗಾದರೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೆ ಸಾಕಲ್ವಾ?

ಮೇಲೆ ಹೇಳಿದ ಥರದ್ದಾದರೆ ಸಾಕು. ಟೆಂಪ್ ಫೋಲ್ಡರ್ ತುಂಬಿದ್ದರೂ ಅನೇಕ ಡಿಸ್ಟ್ರೊಗಳಲ್ಲಿ ಬೂಟ್ ಆಗುವಾಗ ಅದು ಖಾಲಿಯಾಗುತ್ತದೆ. ಬಾಕಿ ಎಲ್ಲ ಸಂದರ್ಭದಲ್ಲಿ ಅದೇ ಪರದೆಗೆ ವಾಪಸ್ ಬರುತ್ತೀರಿ.

ಡಿಎಫ್ ಪ್ರಕಾರ ಜಾಗ ಬೇಕಾದಷ್ಟಿದೆ. ಆದರೂ 'ಜಾಗ ಇಲ್ಲ' ಅನ್ನುತ್ತಿದೆ.

'ಡಿಎಫ್ -ಐ' ಹೊಡೆದು ನೋಡಿ. ಇದು ಐನೋಡ್ (ಫೈಲಿನ ವಿವರ ಇಡುವ ನಮೂದು) ಲೆಕ್ಕ. ಪ್ರತಿ ಫೈಲಿಗೂ ಒಂದು ಐನೋಡ್ ಬೇಕು. ಎಕ್ಸ್ಟ್4ನಲ್ಲಿ ಎಷ್ಟು ಐನೋಡ್ ಅನ್ನುವುದು ಫಾರ್ಮ್ಯಾಟ್ ಮಾಡಿದ ದಿನವೇ ತೀರ್ಮಾನ ಆಗಿರುತ್ತದೆ, ಸಾಮಾನ್ಯವಾಗಿ 16 ಕೆಬಿಗೆ ಒಂದರಂತೆ. ಲಕ್ಷಗಟ್ಟಲೆ ಪುಟಾಣಿ ಫೈಲ್ ಸೇರಿದರೆ ಜಾಗ ಇದ್ದರೂ ಐನೋಡ್ ಮುಗಿಯುತ್ತದೆ. ಕೆಟ್ಟ ಸ್ಕ್ರಿಪ್ಟ್, ಹೋಗದೆ ಉಳಿದ ಮೇಲ್‌ಗಳ ಸಾಲು, ಅಳಿಸದ ಸೆಷನ್ ಫೈಲ್‌ಗಳು ಸಾಮಾನ್ಯ ಕಾರಣ. ಡಿಯು ಕಮಾಂಡಿಗೆ '--ಐನೋಡ್ಸ್' ಸೇರಿಸಿದರೆ ಯಾವ ಫೋಲ್ಡರ್‌ನಲ್ಲಿ ಎಷ್ಟು ಅಂತ ಹೇಳುತ್ತದೆ.

ಡಿಯು ಲೆಕ್ಕ 30 ಜಿಬಿ, ಡಿಎಫ್ ಲೆಕ್ಕ 100 ಜಿಬಿ. ಉಳಿದ 70 ಎಲ್ಲಿ?

ನನ್ನ ಕಥೆ ಇಲ್ಲೇ ಬರುತ್ತದೆ. ಹೊರಗಿನ ಹಾರ್ಡ್ ಡಿಸ್ಕ್‌ಗೆ ರಾತ್ರಿ ಬ್ಯಾಕಪ್ ಆಗಲಿ ಅಂತ ಒಂದು ಸ್ಕ್ರಿಪ್ಟ್ ಬರೆದಿಟ್ಟಿದ್ದೆ. ಒಂದು ದಿನ ಡಿಸ್ಕ್ ಕೇಬಲ್ ಸಡಿಲವಾಗಿ ಮೌಂಟ್ ಆಗಿರಲಿಲ್ಲ, ಅಂದರೆ ಡಿಸ್ಕ್ ತನ್ನ ಫೋಲ್ಡರ್‌ಗೆ ಜೋಡಣೆಯಾಗಿರಲಿಲ್ಲ. ಸ್ಕ್ರಿಪ್ಟ್‌ಗೆ ಅದೇನು ಗೊತ್ತು? ಮೌಂಟ್ ಆಗಬೇಕಿದ್ದ ಖಾಲಿ ಫೋಲ್ಡರ್ ಅಲ್ಲೇ ಇತ್ತು. ಇಡೀ ಬ್ಯಾಕಪ್ಪನ್ನು ಅದರೊಳಗೆ, ಅಂದರೆ ಸಿಸ್ಟಮ್ ಪಾರ್ಟಿಷನ್ನಿಗೇ ಸುರಿಯಿತು. ಸ್ಕ್ರಿಪ್ಟ್ ರೂಟ್ ಹೆಸರಲ್ಲಿ ಓಡುತ್ತಿತ್ತು, ಹಾಗಾಗಿ ಆ 5 ಶೇಕಡಾ ಮೀಸಲನ್ನೂ ನುಂಗಿತು.

ತಮಾಷೆ ಏನೆಂದರೆ ಬೆಳಿಗ್ಗೆ ಕೇಬಲ್ ಸರಿಮಾಡಿದ ಮೇಲೆ ಡಿಸ್ಕ್ ಅದೇ ಫೋಲ್ಡರ್ ಮೇಲೆ ಮೌಂಟ್ ಆಗಿ, ಕೆಳಗಿದ್ದ ರಾಶಿಯನ್ನು ಮುಚ್ಚಿಬಿಟ್ಟಿತು. ಡಿಯುಗೆ ಅದು ಕಾಣುವುದೇ ಇಲ್ಲ. ಡಿಎಫ್‌ಗೆ ಮಾತ್ರ ಕಾಣುತ್ತದೆ. ಆಮೇಲೆ ಕಲಿತದ್ದು:

ಸುಡೊ ಮೌಂಟ್ --ಬೈಂಡ್ / /ಎಂಎನ್‌ಟಿ

ಹೀಗೆ ಮಾಡಿದರೆ ಸಿಸ್ಟಮ್ ಪಾರ್ಟಿಷನ್ ಮಾತ್ರ, ಮೇಲೆ ಏನೂ ಮುಚ್ಚದೆ, ಎಂಎನ್‌ಟಿ ಒಳಗೆ ಕಾಣುತ್ತದೆ. ಅಲ್ಲಿ ಡಿಯು ಓಡಿಸಿದರೆ ಅಡಗಿದ್ದು ಹೊರಬರುತ್ತದೆ. ಕೆಲಸ ಆದಮೇಲೆ 'ಸುಡೊ ಯುಮೌಂಟ್ /ಎಂಎನ್‌ಟಿ'. ಈ ಕಮಾಂಡಿನ ಸ್ಪೆಲಿಂಗ್‌ನಲ್ಲಿ ಯು ಪಕ್ಕ ಎನ್ ಇಲ್ಲ, ನೋಡಿಕೊಳ್ಳಿ. ಬ್ಯಾಕಪ್ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ 'ಮೌಂಟ್‌ಪಾಯಿಂಟ್' ಕಮಾಂಡಿನಿಂದ ಡಿಸ್ಕ್ ಇದೆಯಾ ಅಂತ ಕೇಳಿ, ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ.

ಟೈಮ್‌ಶಿಫ್ಟ್ ಬಳಸುವವರು ಅದರ ಸ್ನ್ಯಾಪ್‌ಶಾಟ್‌ಗಳು (ಒಂದು ಹೊತ್ತಿನಲ್ಲಿ ಸಿಸ್ಟಮ್ ಹೇಗಿತ್ತೋ ಹಾಗೇ ಹಿಡಿದಿಟ್ಟ ಪ್ರತಿಗಳು) ಸಿಸ್ಟಮ್ ಪಾರ್ಟಿಷನ್ನಿನಲ್ಲೇ ಕೂಡಿಹೋಗಿವೆಯಾ ಅಂತಲೂ ನೋಡಿ.

ಟಿಟಿವೈ ಕೂಡ ಬರುತ್ತಿಲ್ಲ. ಈಗೇನು?

ರಿಕವರಿ ಮೋಡ್. ಆನ್ ಆಗುವಾಗ ಹಳೆಯ ಬಯೋಸ್ ಆದರೆ ಶಿಫ್ಟ್ ಹಿಡಿದುಕೊಳ್ಳಿ, ಯುಇಎಫ್ಐ ಆದರೆ ಎಸ್ಕೇಪ್ ಒತ್ತಿ. ಗ್ರಬ್ ಎಂಬ ಬೂಟ್ ಮೆನು ಬರುತ್ತದೆ. ಉಬುಂಟುವಿನಲ್ಲಿ ಅಡ್ವಾನ್ಸ್ಡ್ ಆಯ್ಕೆಗಳ ಒಳಗೆ ರಿಕವರಿ ಇದೆ. ಅಲ್ಲಿ 'ಕ್ಲೀನ್' ಅನ್ನುವ ಆಯ್ಕೆ ತಾನೇ ಸ್ವಲ್ಪ ಜಾಗ ಬಿಡಿಸಲು ನೋಡುತ್ತದೆ. 'ರೂಟ್' ಆರಿಸಿದರೆ ಶೆಲ್ ಸಿಗುತ್ತದೆ. ಡಿಸ್ಕ್ ಬರೀ ಓದಲು ಮಾತ್ರ ಮೌಂಟ್ ಆಗಿದ್ದರೆ 'ಮೌಂಟ್ -ಒ ರೀಮೌಂಟ್,ಆರ್‌ಡಬ್ಲ್ಯು /' ಹೊಡೆದು ಮುಂದುವರಿಯಿರಿ.

ಕೆಲವು ಡಿಸ್ಟ್ರೊಗಳು ಇಲ್ಲಿ ರೂಟ್ ಪಾಸ್‌ವರ್ಡ್ ಕೇಳುತ್ತವೆ. ನೀವು ಅದನ್ನು ಇಟ್ಟೇ ಇಲ್ಲದಿದ್ದರೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸುವ ಲೈವ್ ಯುಎಸ್‌ಬಿ ದಾರಿ. ಯಾವ ಡಿಸ್ಟ್ರೊದ್ದಾದರೂ ನಡೆಯುತ್ತದೆ. 'ಇನ್‌ಸ್ಟಾಲ್ ಮಾಡದೆ ನೋಡು' ಅನ್ನುವುದನ್ನೇ ಆರಿಸಿ. ಫೈಲ್ ಮ್ಯಾನೇಜರ್‌ನಲ್ಲಿ ನಿಮ್ಮ ಡಿಸ್ಕ್ ಮೇಲೆ ಕ್ಲಿಕ್ ಮಾಡಿ. ಎನ್‌ಕ್ರಿಪ್ಟ್ ಮಾಡಿದ ಡಿಸ್ಕ್ ಆದರೆ ಬೂಟ್ ಆಗುವಾಗ ಹಾಕುವ ಪಾಸ್‌ಫ್ರೇಸ್ ಕೇಳುತ್ತದೆ. ಇಲ್ಲಿ ಸುಮ್ನೆ ಡಿಲೀಟ್ ಒತ್ತಿದರೆ ಫೈಲ್ ಅದೇ ಡಿಸ್ಕ್‌ನ ಟ್ರ್ಯಾಶ್ ಫೋಲ್ಡರ್‌ಗೆ ಹೋಗುತ್ತದೆ, ಜಾಗ ಸಿಗುವುದಿಲ್ಲ. ಶಿಫ್ಟ್ ಜೊತೆ ಡಿಲೀಟ್ ಒತ್ತಿ.

ನನ್ನದು ಬಿಟಿಆರ್‌ಎಫ್ಎಸ್ ಫೈಲ್ ಸಿಸ್ಟಮ್. ಡಿಲೀಟ್ ಮಾಡಲೂ ಜಾಗ ಇಲ್ಲ ಅನ್ನುತ್ತಿದೆ!

ನಗು ಬರುತ್ತದೆ, ಆದರೆ ನಿಜ. ಈ ಫೈಲ್ ಸಿಸ್ಟಮ್ ಇದ್ದದ್ದರ ಮೇಲೆ ತಿದ್ದುವುದಿಲ್ಲ. ಪ್ರತಿ ಬದಲಾವಣೆಯನ್ನೂ ಹೊಸ ಜಾಗದಲ್ಲಿ ಬರೆಯುತ್ತದೆ, ಡಿಲೀಟ್ ಕೂಡ ಒಂದು ಬದಲಾವಣೆಯೇ. ಹಳೆಯ ಸ್ನ್ಯಾಪ್‌ಶಾಟ್‌ಗಳಿದ್ದರೆ ಮೊದಲು ಅವನ್ನು ತೆಗೆಯಿರಿ. ಅವು ಇರುವ ತನಕ ನೀವು ಎಷ್ಟು ಫೈಲ್ ಅಳಿಸಿದರೂ ಜಾಗ ಬರುವುದಿಲ್ಲ, ಯಾಕೆಂದರೆ ಸ್ನ್ಯಾಪ್‌ಶಾಟ್ ಹಳೆಯದನ್ನು ಹಿಡಿದುಕೊಂಡಿರುತ್ತದೆ. ತೆಗೆದ ಮೇಲೂ ಜಾಗ ನಿಧಾನವಾಗಿ ಬರುತ್ತದೆ, ಕೆಲವು ನಿಮಿಷ ಕಾಯಿರಿ. ಇಲ್ಲಿ ಡಿಎಫ್ ಹೇಳುವುದನ್ನು ಪೂರ್ತಿ ನಂಬಬೇಡಿ. 'ಬಿಟಿಆರ್‌ಎಫ್ಎಸ್ ಫೈಲ್‌ಸಿಸ್ಟಮ್ ಯೂಸೇಜ್ /' ನಿಜವಾದ ಚಿತ್ರ ಕೊಡುತ್ತದೆ. ಏನೂ ಆಗದಿದ್ದರೆ ಪೆನ್‌ಡ್ರೈವ್ ಒಂದನ್ನು ತಾತ್ಕಾಲಿಕವಾಗಿ ಇದೇ ಫೈಲ್ ಸಿಸ್ಟಮ್‌ಗೆ ಸೇರಿಸುವ ಉಪಾಯವೂ ಇದೆ. ಆದರೆ ಕಮಾಂಡ್ ಕೊಟ್ಟು ಬಿಡಿಸುವ ಮೊದಲೇ ಅದನ್ನು ಕಿತ್ತರೆ ಫೈಲ್ ಸಿಸ್ಟಮ್ಮೇ ಹಾಳು. ಅದು ಕೊನೆಯ ದಾರಿ.

ಬೂಟ್ ಪಾರ್ಟಿಷನ್ ತುಂಬಿದರೂ ಹೀಗೇ ಆಗುತ್ತಾ?

ಇಲ್ಲ. ಅದು ತುಂಬಿದರೆ ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತದೆ, ಲಾಗಿನ್‌ಗೆ ತೊಂದರೆ ಇಲ್ಲ. ಹಳೆಯ ಕರ್ನಲ್‌ಗಳನ್ನು 'ಸುಡೊ ಆಪ್ಟ್ ಆಟೊರಿಮೂವ್' ಮೂಲಕ ತೆಗೆಯಿರಿ.

ಒಳಗೆ ಬಂದೆ. ಆದರೆ ವಾಲ್‌ಪೇಪರ್, ಸೆಟ್ಟಿಂಗ್ ಎಲ್ಲ ಹೋಗಿದೆ.

ಡಿಸ್ಕ್ ತುಂಬಿದ್ದಾಗ ಯಾವುದೋ ಪ್ರೋಗ್ರಾಂ ತನ್ನ ಸೆಟ್ಟಿಂಗ್ ಫೈಲ್ ಖಾಲಿ ಮಾಡಿ ಹೊಸದನ್ನು ಬರೆಯಲು ಹೋಗಿದೆ. ಖಾಲಿ ಮಾಡುವುದು ಆಯಿತು, ಬರೆಯುವುದು ಆಗಲಿಲ್ಲ. 0 ಬೈಟ್ ಫೈಲ್ ಉಳಿಯಿತು. ಬ್ಯಾಕಪ್ ಇದ್ದರೆ ಅಲ್ಲಿಂದ ತನ್ನಿ, ಇಲ್ಲದಿದ್ದರೆ ಮತ್ತೆ ಸೆಟ್ ಮಾಡಿಕೊಳ್ಳಬೇಕು. ಅಪ್‌ಡೇಟ್ ನಡೆಯುವಾಗ ಡಿಸ್ಕ್ ತುಂಬಿದ್ದರೆ 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ' ಒಮ್ಮೆ ಹೊಡೆಯಿರಿ, ಅರ್ಧಕ್ಕೆ ನಿಂತ ಪ್ಯಾಕೇಜ್‌ಗಳು ಪೂರ್ತಿಯಾಗುತ್ತವೆ.

ಮತ್ತೆ ಹೀಗಾಗದಂತೆ ಏನು ಮಾಡಲಿ?

ಜರ್ನಲ್‌ಗೆ ಮಿತಿ ಹಾಕಿ. ಜರ್ನಲ್‌ಡಿ ಕಾನ್ಫ್ ಫೈಲಿನಲ್ಲಿ 'ಸಿಸ್ಟಮ್‌ಮ್ಯಾಕ್ಸ್‌ಯೂಸ್' ಎಂಬ ಸಾಲು ಇದೆ. ಆ ಸಾಲಿನ ಶುರುವಿನಲ್ಲಿರುವ # ಗುರುತು ತೆಗೆದು 500ಎಂ (ಎಂ ದೊಡ್ಡಕ್ಷರ) ಅಂತ ಬರೆದು, ಆ ಸರ್ವಿಸ್ ರೀಸ್ಟಾರ್ಟ್ ಮಾಡಿ.

ನಾನು ಮಾಡುವ ಇನ್ನೊಂದು ಕೆಲಸ ನೋಡಿ ಸ್ನೇಹಿತರು ನಗುತ್ತಾರೆ. 'ಸುಡೊ ಫಾಲೊಕೇಟ್ -ಎಲ್ 1ಜಿ /ಅಳಿಸು' ಅಂತ ಕೊಟ್ಟು ಏನೂ ಇಲ್ಲದ 1 ಜಿಬಿ ಫೈಲ್ ಮಾಡಿ ಇಟ್ಟಿದ್ದೇನೆ. ಎಲ್ ಸಣ್ಣದು, ಜಿ ದೊಡ್ಡಕ್ಷರ. ಹೆಸರು ಏನಾದರೂ ಇರಲಿ. ಡಿಸ್ಕ್ ತುಂಬಿದ ದಿನ ಎಫ್3 ಒತ್ತಿ, ಅದೊಂದನ್ನು ಅಳಿಸಿ, ಎಂದಿನಂತೆ ಲಾಗಿನ್ ಆಗಿ, ಆಮೇಲೆ ಕಳ್ಳನನ್ನು ಹುಡುಕುತ್ತೇನೆ. ಆಚೆ ವರ್ಷ ಒಮ್ಮೆ ಅಳಿಸಬೇಕಾಯಿತು. ಸಂಜೆ ಮತ್ತೆ ಮಾಡಿಟ್ಟೆ.